ಹೆಸರು ಬರೆಯದ ಕುಂಬಾರ

ಪ್ರಸಿದ್ಧಿ ಬಂದ ಮೇಲೆ ಅದನ್ನು ಬಿಟ್ಟುಕೊಡುವವರು ವಿರಳ. ಜಪಾನಿನ ಕವಾಯ್ ಕಂಜಿರೊ ಅಂಥವರಲ್ಲಿ ಒಬ್ಬರು.

ಅವರು 1890ರಲ್ಲಿ ಯಾಸುಗಿ ಎಂಬ ಊರಿನ ಬಡಗಿ ಮನೆತನದಲ್ಲಿ ಹುಟ್ಟಿದರು. ಟೋಕಿಯೊದ ತಾಂತ್ರಿಕ ಶಾಲೆಯಲ್ಲಿ ಪಿಂಗಾಣಿ ತಯಾರಿಕೆಯನ್ನು ಕಲಿತು 1914ರಲ್ಲಿ ತೇರ್ಗಡೆಯಾದರು. ನಂತರ ಕ್ಯೋಟೊ ನಗರದ ಪಿಂಗಾಣಿ ಪ್ರಯೋಗಾಲಯ ಸೇರಿದರು. ಅದೇ ಶಾಲೆಯಲ್ಲಿ ಓದಿದ ಹಮಾದ ಶೋಜಿ ಕೂಡ ಅಲ್ಲಿಗೆ ಬಂದರು. ಇಬ್ಬರೂ ಪಾತ್ರೆಗೆ ಹೊಳಪು ಕೊಡುವ ಗ್ಲೇಜ್ ಎಂಬ ಲೇಪದ ಮೇಲೆ ಸಾವಿರಾರು ಪ್ರಯೋಗ ನಡೆಸಿದರು. ವಿಜ್ಞಾನ ವಿದ್ಯಾರ್ಥಿಗಳಿಗೆ ಇದು ಕುತೂಹಲದ ಸಂಗತಿ: ಲೇಪದಲ್ಲಿರುವ ತಾಮ್ರ ಸಾಕಷ್ಟು ಆಮ್ಲಜನಕ ಸಿಕ್ಕರೆ ಹಸಿರಾಗುತ್ತದೆ, ಆಮ್ಲಜನಕ ಕಡಿಮೆಯಾದರೆ ಕೆಂಪಾಗುತ್ತದೆ. ಈ ಕೆಂಪು ಬಣ್ಣವನ್ನು ಹಿಡಿತಕ್ಕೆ ತರುವುದು ಬಲು ಕಷ್ಟ. ಕವಾಯ್ ಅದರಲ್ಲಿ ನಿಪುಣರಾದರು.

1920ರಲ್ಲಿ ಅವರು ಕ್ಯೋಟೊದ ಗೋಜೋಜಾಕದಲ್ಲಿ ಆವಿಗೆಯೊಂದನ್ನು ಕೊಂಡರು. ಮರುವರ್ಷ ತಮ್ಮ ಪಾತ್ರೆಗಳ ಮೊದಲ ಪ್ರದರ್ಶನ ಏರ್ಪಡಿಸಿದರು. ಚೀನಾ ಮತ್ತು ಕೊರಿಯಾದ ಪ್ರಾಚೀನ ಪಾತ್ರೆಗಳ ಮಾದರಿಯಲ್ಲಿ ಮಾಡಿದ ಆ ಕೆಲಸವನ್ನು ಎಲ್ಲರೂ ಹೊಗಳಿದರು. ಆದರೆ ಚಿಂತಕ ಯನಾಗಿ ಸೊಯೆತ್ಸು ಅದನ್ನು ಟೀಕಿಸಿದರು. ಕವಾಯ್ ಅವರಿಗೆ ಕೋಪ ಬಂತು. ಆದರೂ ಯನಾಗಿ ಸಂಗ್ರಹಿಸಿದ್ದ, ಹೆಸರಿಲ್ಲದ ಕೊರಿಯಾದ ಕುಂಬಾರರ ಸಾದಾ ಪಾತ್ರೆಗಳು ಅವರ ಮನಸ್ಸನ್ನು ಕಾಡಿದವು. ತಾವು ಮಾಡುತ್ತಿರುವುದು ಬೇರೆಯವರ ನಕಲು ಎಂಬ ಅನುಮಾನ ಮೂಡಿತು. 1924ರಲ್ಲಿ ಇಂಗ್ಲೆಂಡಿನಿಂದ ಮರಳಿದ ಹಮಾದ ಇಬ್ಬರನ್ನೂ ಒಂದುಗೂಡಿಸಿದರು. ಟೀಕಿಸಿದವರೇ ಆಪ್ತ ಸ್ನೇಹಿತರಾದರು. ಸಾಮಾನ್ಯ ಜನರ ಕರಕುಶಲವನ್ನು ಗೌರವಿಸುವ ಮಿಂಗೆಯ್ ಚಳವಳಿಯನ್ನು ಮೂವರೂ ಕೂಡಿ ಬೆಳೆಸಿದರು. ಅಂದಿನಿಂದ ಕವಾಯ್ ಕೆಲಕಾಲ ಪ್ರದರ್ಶನಗಳನ್ನು ನಿಲ್ಲಿಸಿದರು. ಪಾತ್ರೆಗಳ ಮೇಲೆ ತಮ್ಮ ಹೆಸರು ಹಾಕುವುದನ್ನೂ ಬಿಟ್ಟರು.

1937ರಲ್ಲಿ ತಾವೇ ನಕ್ಷೆ ಬರೆದು ಹೊಸ ಮನೆ ಕಟ್ಟಿಸಿದರು. ಕಟ್ಟುವಲ್ಲಿ ಬಡಗಿಯಾಗಿದ್ದ ಅಣ್ಣ ನೆರವಾದರು. ಅವರು ಬದುಕಿದ್ದು, ದುಡಿದದ್ದು ಎಲ್ಲವೂ ಅಲ್ಲೇ. ಯುದ್ಧಕಾಲದಲ್ಲಿ ಆವಿಗೆ ಉರಿಸಲು ಆಗದಿದ್ದಾಗ ಪ್ರಬಂಧ ಬರೆದರು. ಅರವತ್ತರ ಆಸುಪಾಸಿನಲ್ಲಿ ಮರದ ಕೆತ್ತನೆಗೂ ಕೈಹಾಕಿದರು. ಸ್ನೇಹಿತರೊಬ್ಬರು ಕಳುಹಿಸಿದ ಅವರ ಪಾತ್ರೆಗೆ 1957ರಲ್ಲಿ ಇಟಲಿಯ ಮಿಲಾನ್ ಪ್ರದರ್ಶನದಲ್ಲಿ ಅತ್ಯುನ್ನತ ಬಹುಮಾನ ಬಂತು. ಜಪಾನ್ ಸರ್ಕಾರ ಕೊಡಲು ಬಂದ ದೊಡ್ಡ ಗೌರವಗಳನ್ನು ಅವರು ವಿನಯದಿಂದ ನಿರಾಕರಿಸಿದರು. 1966ರಲ್ಲಿ ನಿಧನರಾಗುವವರೆಗೂ ತಮ್ಮನ್ನು ಕುಂಬಾರನೆಂದೇ ಭಾವಿಸಿದರು.

1973ರಿಂದ ಆ ಮನೆ ವಸ್ತುಸಂಗ್ರಹಾಲಯವಾಗಿದೆ. ನೆಲದಲ್ಲಿ ತೋಡಿದ ಒಲೆ, ಅವರೇ ರೂಪಿಸಿದ ಕುರ್ಚಿಗಳು, ತಿಗರಿ, ಬಣ್ಣಬಣ್ಣದ ಪಾತ್ರೆಗಳು ಇಂದಿಗೂ ಇವೆ. ಹಿತ್ತಲಿನಲ್ಲಿ ಇಳಿಜಾರಿಗೆ ಕಟ್ಟಿದ ಎಂಟು ಕೋಣೆಗಳ ಆವಿಗೆಯಿದೆ. ಕೆಳಗಿನ ಕೋಣೆಯಲ್ಲಿ ಹಚ್ಚಿದ ಬೆಂಕಿಯ ಶಾಖ ಒಂದೊಂದೇ ಕೋಣೆ ದಾಟಿ ಮೇಲೇರುತ್ತಿತ್ತು. ನೆರೆಯ ಕುಂಬಾರರೂ ತಮ್ಮ ಪಾತ್ರೆಗಳನ್ನು ಅದೇ ಬೆಂಕಿಯಲ್ಲಿ ಸುಡುತ್ತಿದ್ದರು.

ಅಂಕ, ರ‍್ಯಾಂಕ್, ಬಹುಮಾನಗಳ ಹಿಂದೆ ಓಡುವ ವಯಸ್ಸು ನಮ್ಮದು. ಅವುಗಳನ್ನು ಬಯಸುವುದು ತಪ್ಪಲ್ಲ. ಆದರೆ ಎಲ್ಲರೂ ಹೊಗಳುತ್ತಿರುವಾಗಲೇ ತನ್ನ ಕೆಲಸ ನಿಜಕ್ಕೂ ತನ್ನದೇ ಎಂದು ಕೇಳಿಕೊಂಡ ಕವಾಯ್ ಅವರ ಧೈರ್ಯವನ್ನೂ ನಾವು ಕಲಿಯಬೇಕು.