ಬೆನ್ನಿನ ಸೂಜಿಯನ್ನು ತನ್ನ ಮೇಲೆ ಪರೀಕ್ಷಿಸಿದ ಆಗುಸ್ಟ್ ಬೀರನ ಚರಿತ್ರೆ

ಹುಬ್ಬಳ್ಳಿ ಧಾರವಾಡಗಳ ಆಸ್ಪತ್ರೆಗಳಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆಯಬೇಕಾದಾಗ ತಾಯಿಯ ಬೆನ್ನಿಗೆ ಸಣ್ಣ ಸೂಜಿಯನ್ನು ಚುಚ್ಚಿ ನಡುವಿನಿಂದ ಕೆಳಗೆ ಮರಗಟ್ಟಿಸುವದು ಈಗ ವಾಡಿಕೆಯಾಗಿದೆ. ಈ ವಿದ್ಯೆಯನ್ನು ಶಸ್ತ್ರಚಿಕಿತ್ಸೆಗೆ ತಂದವನು ಜರ್ಮನಿ ದೇಶದ ಆಗುಸ್ಟ್ ಬೀರನು.

ಆತನು 1861ನೆಯ ಇಸವಿ ನವಂಬರ್ 24ರಲ್ಲಿ ವಾಲ್ಡೆಕ್ ಸೀಮೆಯ ಹೆಲ್ಸೆನ್ ಎಂಬಲ್ಲಿ ಹುಟ್ಟಿ, ವೈದ್ಯಶಾಸ್ತ್ರವನ್ನು ಕಲಿತು, ಕೀಲ್ ಪಟ್ಟಣದಲ್ಲಿ ಎಸ್ಮಾರ್ಕನೆಂಬ ಹೆಸರಾಂತ ಶಸ್ತ್ರವೈದ್ಯನ ಕೈಕೆಳಗೆ ಕೆಲಸಮಾಡಿದನು. ಆ ಕಾಲದಲ್ಲಿ ರೋಗಿಗಳನ್ನು ಈಥರ್ ಇಲ್ಲವೆ ಕ್ಲೋರೋಫಾರ್ಮಿನ ಆವಿಯಿಂದ ಮೂರ್ಛೆಗೊಳಿಸುತ್ತಿದ್ದರು. ನೋವೇನೋ ತಪ್ಪಿತು, ಆದರೆ ಕ್ಲೋರೋಫಾರ್ಮಿನಿಂದ ಮೇಜಿನ ಮೇಲೆಯೇ ಪ್ರಾಣಬಿಟ್ಟವರುಂಟು. ಇದನ್ನು ಶೋಧಿಸುವದಕ್ಕೆ ನಮ್ಮ ಹೈದರಾಬಾದಿನಲ್ಲಿಯೂ 1888, 1889ರಲ್ಲಿ ಎರಡು ಮಂಡಲಿಗಳು ಕೂಡಿದ್ದವು.

ಅದೇ ಕೀಲಿನಲ್ಲಿ ಕ್ವಿಂಕೆ ಎಂಬ ವೈದ್ಯನು 1891ರಲ್ಲಿ ಬೆನ್ನೆಲುಬಿನ ಸಂದಿಯೊಳಗೆ ಸೂಜಿಯನ್ನು ತೂರಿಸಿ, ನರಹುರಿಯನ್ನು ಸುತ್ತಿರುವ ನೀರನ್ನು ತೆಗೆಯುವ ಕ್ರಮವನ್ನು ತೋರಿಸಿದ್ದನು. ನೀರು ಹೊರಬರುವ ದಾರಿಯಿಂದ ಔಷಧವು ಒಳಗೆ ಯಾಕೆ ಹೋಗಬಾರದೆಂದು ಯೋಚಿಸಿ, ಬೀರನು 1898ನೆಯ ಆಗಸ್ಟ್ 16ರಲ್ಲಿ, ಪಾದದ ಕೀಲಿಗೆ ಕ್ಷಯ ತಗಲಿದ್ದ ಒಬ್ಬ ಕೂಲಿಯವನಿಗೆ ಹೀಗೆ ಕೊಕೇನನ್ನು ಕೊಟ್ಟನು. ಕೊಯ್ಯುವಾಗ ಅವನಿಗೆ ನೋವಾಗಲಿಲ್ಲ. ತರುವಾಯ ವಾಂತಿಯೂ ತಲೆನೋವೂ ಬಂದವು.

ಇದರ ಮರ್ಮವನ್ನು ತಿಳಿಯಲು ಬೀರನು ಅದೇ ತಿಂಗಳ 24ರಲ್ಲಿ ತನ್ನ ಬೆನ್ನನ್ನೇ ಸಹಾಯಕನಾದ ಹಿಲ್ಡೆಬ್ರಾಂಟನಿಗೆ ಒಡ್ಡಿದನು. ಪಿಚಕಾರಿಯು ಸೂಜಿಗೆ ಸರಿಯಾಗಿ ಕೂಡದೆ ಔಷಧವೂ ಬೆನ್ನಿನ ನೀರೂ ಸೋರಿಹೋದವು. ಆಗ ಹಿಲ್ಡೆಬ್ರಾಂಟನು ತನ್ನ ಬೆನ್ನನ್ನು ಕೊಟ್ಟನು. ಬೀರನು ಅವನ ಕಾಲುಗಳನ್ನು ಚುಚ್ಚಿದನು, ಮುಂಗಾಲಿನ ಎಲುಬಿಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದನು, ಉರಿಯುವ ಚುಟ್ಟವನ್ನು ಮುಟ್ಟಿಸಿದನು; ಅವನಿಗೆ ನೋವೇ ತಿಳಿಯಲಿಲ್ಲ. ಆ ರಾತ್ರಿ ಇಬ್ಬರೂ ದ್ರಾಕ್ಷಾರಸ ಕುಡಿದು ಚುಟ್ಟ ಸೇದಿದರು. ಅಷ್ಟು ಬುದ್ಧಿವಂತರಿಗೆ ಇದು ತರವಾಗಿರಲಿಲ್ಲ. ಮರುದಿನದಿಂದ ಬೀರನಿಗೆ ಎದ್ದರೆ ತಲೆಸಿಡಿತ, ಮಲಗಿದರೆ ಶಮನ. ಒಂಬತ್ತು ದಿವಸ ಹಾಸಿಗೆ ಹಿಡಿದನು. ಸೋರಿದ ನೀರೇ ಕಾರಣವಿರಬೇಕೆಂದು ಗ್ರಹಿಸಿ, ಕೇಡನ್ನೂ ಮುಚ್ಚಿಡದೆ 1899ರಲ್ಲಿ ಎಲ್ಲವನ್ನೂ ಪ್ರಕಟಿಸಿದನು.

ಕೊಕೇನಿನ ವಿಷ ಹೋಗಿ ಮೇಲಾದ ಔಷಧಗಳು ಬಂದವು. ಸೂಜಿಯು ಕೂದಲೆಳೆಯಂತೆ ತೆಳುವಾಗಿ ತಲೆನೋವು ಬಹಳ ಕಡಿಮೆಯಾಯಿತು. ರಕ್ತದ ಒತ್ತಡವು ಥಟ್ಟನೆ ಇಳಿಯುವದುಂಟಾದಕಾರಣ ವೈದ್ಯನು ಪಕ್ಕದಲ್ಲಿಯೇ ಇದ್ದು ನೋಡಬೇಕು. ರಕ್ತ ಹೆಪ್ಪುಗಟ್ಟದ ರೋಗವುಳ್ಳವರಿಗೂ ಚುಚ್ಚುವಲ್ಲಿ ಕೀವಾದವರಿಗೂ ಇದು ಸಲ್ಲದು. ಆದರೆ ಹೆತ್ತ ಮೇಲೆ ವರುಷಗಟ್ಟಲೆ ಬರುವ ಬೆನ್ನುನೋವನ್ನೆಲ್ಲ ನಮ್ಮ ತಾಯಂದಿರು ಈ ಸೂಜಿಯ ಮೇಲೆ ಹೊರಿಸುವದು ಸರಿಯಲ್ಲ. ಪರೀಕ್ಷೆಗಳಲ್ಲಿ ಅದು ಸಿದ್ಧವಾಗಿಲ್ಲ. ಎಚ್ಚರವಾಗಿದ್ದುಕೊಂಡೇ ಕೂಸಿನ ಮೊದಲ ಅಳುವನ್ನು ಕೇಳುವ ಭಾಗ್ಯವೂ ಇದರಿಂದಲೇ ಅವರಿಗುಂಟು.

ಬೀರನು 1907ರಲ್ಲಿ ಬರ್ಲಿನಿಗೆ ಹೋದನು. 1912ರಲ್ಲಿ ಸೌಎನ್ ಎಂಬಲ್ಲಿ ಭೂಮಿಯನ್ನು ಕೊಂಡು, ಮರಳುನೆಲದಲ್ಲಿ ಹಲವು ಜಾತಿಯ ಮರಗಳನ್ನು ಕಲಸಿ ನೆಟ್ಟು ಕಾಡನ್ನು ಬೆಳೆಸಿದನು. 1949ನೆಯ ಮಾರ್ಚ್ 12ರಲ್ಲಿ ಅಲ್ಲಿಯೇ ತೀರಿಕೊಂಡನು.