ಮೀನಿನ ಮೇಷ್ಟ್ರ ಕತ್ತಿ ಪ್ರೀತಿ

ಓದೋದು ಒಂದು, ಮನಸ್ಸು ಇನ್ನೊಂದರ ಮೇಲೆ. ನಮ್ಮಲ್ಲಿ ಎಷ್ಟೋ ಜನರ ಪಾಡು ಇದೇ ಅಲ್ವಾ? ಬ್ಯಾಷ್‌ಫರ್ಡ್ ಡೀನ್ ಎರಡನ್ನೂ ಕೈಬಿಡದೆ ಬದುಕಿದವರು.

1867ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಡೀನ್ ಚಿಕ್ಕಂದಿನಲ್ಲೇ ಪರಿಚಯದವರ ಮನೆಯಲ್ಲಿ ಹಳೇ ಯುರೋಪಿನ ಶಿರಸ್ತ್ರಾಣವೊಂದನ್ನು ನೋಡಿ ಮರುಳಾದರಂತೆ. ಓದಿದ್ದು ಮಾತ್ರ ಪ್ರಾಣಿಶಾಸ್ತ್ರ. 1890ರಲ್ಲಿ ಕೊಲಂಬಿಯಾದಲ್ಲಿ ಪಿಎಚ್‌ಡಿ ಮುಗಿಸಿ ಅಲ್ಲೇ ಮೇಷ್ಟ್ರಾದರು. ಮೈತುಂಬ ಮೂಳೆಯ ಕವಚವಿದ್ದ ಪುರಾತನ ಮೀನುಗಳ ಮೇಲೂ ಕೆಲಸ ಮಾಡಿದರು. ಮೀನುಗಳಿಗಾಗಿ ಜಪಾನಿಗೆ ಹೋದವರು ಅಲ್ಲಿನ ಕತ್ತಿ, ಕವಚಗಳನ್ನೂ ಕೂಡಿಸತೊಡಗಿದರು. ಮುಂದೆ 1914ರಲ್ಲಿ ಆ ಜಪಾನೀ ಸಂಗ್ರಹದಲ್ಲಿ ಬಹಳಷ್ಟನ್ನು ಮೆಟ್ರೊಪಾಲಿಟನ್ ಮ್ಯೂಸಿಯಂಗೆ ದಾನ ಕೊಟ್ಟರು.

ಅಷ್ಟರಲ್ಲಿ, 1912ರಲ್ಲಿ, ಆ ಮ್ಯೂಸಿಯಂನಲ್ಲಿ ಆಯುಧಗಳಿಗೇ ಪ್ರತ್ಯೇಕ ವಿಭಾಗ ಶುರುವಾಗಿ, ಡೀನ್ ಅದರ ಮೊದಲ ಮುಖ್ಯಸ್ಥರಾಗಿದ್ದರು. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಮೀನುಗಳ ಹೊಣೆಯೂ ಅವರದೇ. ಸೆಂಟ್ರಲ್ ಪಾರ್ಕಿನ ಆ ಕಡೆ ಮೀನು, ಈ ಕಡೆ ಕತ್ತಿ!

ಹಳೇ ಕತ್ತಿಗಳನ್ನು ಆಗ ಎಷ್ಟೋ ಜನ ಗೋಡೆಗೆ ಅಲಂಕಾರ ಅಂತಲೇ ಕೊಳ್ಳುತ್ತಿದ್ದರು. ಡೀನ್ ಅವನ್ನು ನೋಡಿದ್ದು ಜೀವವಿಜ್ಞಾನಿಯ ಕಣ್ಣಿಂದ. ಹಿಡಿ ಹೇಗೆ ಬದಲಾಯಿತು, ಅಲುಗು ಯಾಕೆ ಸಣ್ಣಗಾಯಿತು, ಯಾವುದರಿಂದ ಯಾವುದು ಬಂತು ಅಂತ ವಂಶವೃಕ್ಷದ ಹಾಗೆ ಚಿತ್ರ ಬರೆಸಿದರು. ಸಂಗ್ರಹ ಕಾಯುವುದೂ ಅಷ್ಟೇ ಸೂಕ್ಷ್ಮ ಕೆಲಸ. ಬರಿಗೈಯ ಬೆವರಿಗೇ ಅಲುಗು ತುಕ್ಕು ಹಿಡಿಯುತ್ತದೆ. ಹೊಳೆಯಲಿ ಅಂತ ಜಾಸ್ತಿ ಉಜ್ಜಿದರೆ ಕುಶಲಕರ್ಮಿಯ ಗುರುತೇ ಅಳಿಸಿಹೋಗುತ್ತದೆ. ಅದಕ್ಕೇ ಮ್ಯೂಸಿಯಂನೊಳಗೆ ಕಮ್ಮಟವಿತ್ತು. ಫ್ರಾನ್ಸಿನ ಕವಚಗಾರ ಡೇನಿಯಲ್ ಟಾಶೋ ಅಲ್ಲಿ ರಿಪೇರಿ ಮಾಡುತ್ತಿದ್ದರು.

ಮೊದಲ ಮಹಾಯುದ್ಧಕ್ಕೆ ಅಮೆರಿಕ ಇಳಿದಾಗ ಈ ಹಳೇ ವಿದ್ಯೆಗೆ ಹೊಸ ಪರೀಕ್ಷೆ ಬಂತು. ಸೇನೆಯಲ್ಲಿ ಮೇಜರ್ ಆದ ಡೀನ್, ಸೈನಿಕರಿಗಾಗಿ ಹೆಲ್ಮೆಟ್ ಮಾದರಿಗಳನ್ನು ರೂಪಿಸಿ ಅದೇ ಕಮ್ಮಟದಲ್ಲಿ ಮಾಡಿಸಿದರು. ಒಂದು ಮಾದರಿ ಜರ್ಮನ್ನರ ಹೆಲ್ಮೆಟ್ ಥರ ಕಾಣುತ್ತೆ ಅಂತ ತಿರಸ್ಕೃತವಾಯಿತು. ಬಹುಪಾಲು ಸೈನಿಕರು ಬ್ರಿಟಿಷ್ ಮಾದರಿಯನ್ನೇ ಹಾಕಿಕೊಂಡು ಹೋರಾಡಿದರು. ಡೀನ್ ಮಾತ್ರ ಆ ಶ್ರಮ ವ್ಯರ್ಥವಾಗಲು ಬಿಡದೆ, 1920ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದರು.

1928ರ ಡಿಸೆಂಬರ್‌ನಲ್ಲಿ, 61ನೇ ವಯಸ್ಸಿಗೆ ತೀರಿಕೊಂಡರು. ಯುರೋಪಿನ ಕಠಾರಿಗಳ ಬಗ್ಗೆ ಒಂದು, ದರ್ಬಾರಿ ಹಾಗೂ ಬೇಟೆಯ ಕತ್ತಿಗಳ ಬಗ್ಗೆ ಇನ್ನೊಂದು ಕ್ಯಾಟಲಾಗ್ ಮರುವರ್ಷ ಅಚ್ಚಾಗಿ ಬಂದವು. ಅವನ್ನು ನೋಡಲು ಅವರಿರಲಿಲ್ಲ.

ನ್ಯೂಯಾರ್ಕ್‌ಗೆ ಹೋದಾಗ ಆ ಆಯುಧಗಳ ಹಾಲ್‌ಗೆ ಹೋಗಿ. ಫೋಟೋ ತೆಗೆಯೋ ಮುಂಚೆ ಪಕ್ಕದ ಚೀಟಿ ಓದಿ. ಡೀನ್ ಹೆಸರು ಸಿಕ್ಕೇ ಸಿಗುತ್ತೆ.