ಸೋಲಾಪುರದ ಸುಪುತ್ರ ಶೇಠ ವಾಲಚಂದ ಹಿರಾಚಂದರು



ನಾಳೆ ಏನಾಗುವುದೆಂದು ತಿಳಿಯದೆ ಇಂದೇ ನಿರ್ಧಾರ ಮಾಡಬೇಕಾದುದು ವ್ಯಾಪಾರಸ್ಥನ ಬಾಳು. ಮಳೆ ಬರುವುದೋ ಇಲ್ಲವೋ, ಧಾರಣೆ ಏರುವುದೋ ಇಳಿಯುವುದೋ, ಸಾಲ ಒಯ್ದವನು ತಿರುಗಿ ಕೊಡುವನೋ ಇಲ್ಲವೋ ಎಂಬುದನ್ನು ಬಲ್ಲವರಿಲ್ಲ. ಕೈಹಾಕುವುದಕ್ಕೆ ಧೈರ್ಯ ಬೇಕು. ಕೈ ತೆಗೆಯುವುದಕ್ಕೆ ಅದಕ್ಕಿಂತಲೂ ಹೆಚ್ಚಿನ ವಿವೇಕ ಬೇಕು. ಈ ಎರಡನ್ನೂ ಬಲ್ಲವರಾಗಿದ್ದ ನಮ್ಮ ಸೀಮೆಯ ಒಬ್ಬ ಮಹನೀಯರ ಚರಿತ್ರೆಯನ್ನು ಸಂಕ್ಷೇಪವಾಗಿ ನಿವೇದಿಸುತ್ತೇನೆ.

ಶೇಠ ವಾಲಚಂದರು 1882ನೆಯ ಇಸವಿಯ ನವೆಂಬರ 23ರಂದು ಸೋಲಾಪುರದಲ್ಲಿ ಜನಿಸಿದರು. ಅವರದು ಗುಜರಾತದಿಂದ ಬಂದು ಇಲ್ಲಿ ನೆಲೆಸಿದ ದಿಗಂಬರ ಜೈನ ಮನೆತನ. ಲೇವಾದೇವಿ ಮತ್ತು ಹತ್ತಿಯ ವ್ಯಾಪಾರ ಮನೆಯ ವೃತ್ತಿ. 1899ರಲ್ಲಿ ಮೆಟ್ರಿಕ್ ಮುಗಿಸಿ ಮುಂಬಯಿ ಹಾಗೂ ಪುಣೆಗಳಲ್ಲಿ ಕೆಲಕಾಲ ಕಾಲೇಜು ಶಿಕ್ಷಣ ಪಡೆದರು. ಮನೆಯ ಪೇಢಿ ಸಿದ್ಧವಾಗಿಯೇ ಇತ್ತು. ಆದರೆ ಆ ವೃತ್ತಿಯಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ ಬಳವಂತ ಫಾಟಕರೊಡನೆ ಪಾಲುದಾರಿಕೆ ಮಾಡಿಕೊಂಡು ರೈಲ್ವೆ ಗುತ್ತಿಗೆಗೆ ಇಳಿದರು. ಬಾರ್ಶಿಯ ಸಣ್ಣ ರೈಲುಮಾರ್ಗದ ಕೆಲಸದಿಂದ ಆರಂಭವಾದ ಆ ಉದ್ಯೋಗವು ಮುಂದೆ ಭೋರ ಘಾಟದ ಸುರಂಗಗಳವರೆಗೆ ಬೆಳೆಯಿತು. ತಲೆಮಾರಿನಿಂದ ಬಂದ ವೃತ್ತಿಯನ್ನು ಬಿಟ್ಟದ್ದೇ ಅವರ ಮೊದಲನೆಯ ದೊಡ್ಡ ನಿರ್ಧಾರವೆನ್ನಬೇಕು.

1919ರಲ್ಲಿ ಶೇಠಜಿಯವರು ನರೋತ್ತಮ ಮೊರಾರಜಿ ಮೊದಲಾದ ಮಿತ್ರರೊಡನೆ ಗ್ವಾಲಿಯರದ ಸಿಂಧಿಯಾ ಮಹಾರಾಜರಿಂದ ‘ಲಾಯಲ್ಟಿ’ ಎಂಬ ಉಗಿಹಡಗನ್ನು ಕೊಂಡು, ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯನ್ನು ಸ್ಥಾಪಿಸಿದರು. ಅದೇ ವರ್ಷ ಏಪ್ರಿಲ್ 5ರಂದು ಆ ಹಡಗು ಮುಂಬಯಿಯಿಂದ ಇಂಗ್ಲೆಂಡಿನತ್ತ ಹೊರಟಿತು. ಸಮುದ್ರವೆಲ್ಲ ಆಂಗ್ಲರ ಕಂಪನಿಗಳ ಕೈಯಲ್ಲಿದ್ದ ಕಾಲವದು. ಭಾರತೀಯರ ಹಡಗು ಬದುಕುವುದೆಂಬ ಭರವಸೆ ಯಾರಿಗೂ ಇರಲಿಲ್ಲ.

ಆ ಹಡಗು 1890ರಲ್ಲಿ ನೀರಿಗಿಳಿದ ಹಳೆಯ ಹಡಗು, ಲಾಭದಾಯಕವಾಗಲಿಲ್ಲ. 1921ರಲ್ಲಿ ಅದನ್ನು ನಿಲ್ಲಿಸಿ, 1923ರಲ್ಲಿ ಒಡೆಯಲು ಮಾರಲಾಯಿತು. ಕಂಪನಿಯ ಮೊದಲ ಹಡಗು, ದೇಶದ ಅಭಿಮಾನದ ಹಡಗು ಎಂದು ಅದನ್ನೇ ಅಪ್ಪಿಕೊಂಡು ಕೂತಿದ್ದರೆ ಅದರೊಡನೆ ಕಂಪನಿಯೂ ಮುಳುಗುತ್ತಿತ್ತು. ಹಡಗನ್ನು ಬಿಟ್ಟರು, ಹಡಗಿನ ಉದ್ಯಮವನ್ನು ಬಿಡಲಿಲ್ಲ. ಆಂಗ್ಲ ಕಂಪನಿಗಳು ಬಾಡಿಗೆ ದರ ಇಳಿಸಿ ಹೊಸ ಕಂಪನಿಯನ್ನು ಹಣಿಯಲು ಹೊರಟಾಗ, 1923ರಲ್ಲಿ ಅವರೊಡನೆ ಒಪ್ಪಂದವಾಗಿ ಸಿಂಧಿಯಾ ಕಂಪನಿ ತನ್ನ ಸಂಚಾರಕ್ಕೆ ಮಿತಿ ಒಪ್ಪಿಕೊಂಡು ಕರಾವಳಿ ವ್ಯಾಪಾರಕ್ಕೆ ನಿಂತಿತು. ನೋಡುವವರಿಗೆ ಇದು ಸೋಲೆನಿಸಬಹುದು. ಆದರೆ ಕಂಪನಿ ಉಳಿಯಿತು. 1953ರ ಹೊತ್ತಿಗೆ ಭಾರತದ ಕರಾವಳಿ ಸಾಗಣೆಯ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಅದರ ಕೈಯಲ್ಲಿತ್ತು.

ಹಾಗೆಂದು ಕಷ್ಟ ಬಂದಾಗಲೆಲ್ಲ ಅವರು ಕೈಬಿಟ್ಟವರಲ್ಲ. 1923ರಲ್ಲಿಯೇ ನಾಸಿಕ ಜಿಲ್ಲೆಯ ರಾವಳಗಾವದಲ್ಲಿ ಬರಡು ಭೂಮಿಯನ್ನು ಕೊಂಡರು. ಅಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾದದ್ದು 1933ರಲ್ಲಿ. ಭೂಮಿಯ ಕೆಲಸ ಫಲ ಕೊಡಲು ವರ್ಷಗಳು ಬೇಕೆಂದು ಅರಿತು ಕಾದರು. ಹಡಗಿಗೊಂದು ಲೆಕ್ಕ, ಹೊಲಕ್ಕೆ ಇನ್ನೊಂದು ಲೆಕ್ಕ.

1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದುಸ್ಥಾನ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಭಾರತದಲ್ಲಿ ವಿಮಾನ ನಿರ್ಮಿಸುವ ಕಾರ್ಖಾನೆ ಅದುವರೆಗೆ ಇರಲಿಲ್ಲ. 1941ರಲ್ಲಿ ಭಾರತ ಸರಕಾರವು ಮೂರನೆಯ ಒಂದು ಪಾಲನ್ನು ಕೊಂಡಿತು. ಮಹಾಯುದ್ಧ ಪೂರ್ವ ದೇಶಗಳಿಗೆ ಹಬ್ಬಿದಾಗ ಸರಕಾರಕ್ಕೆ ಆ ಕಾರ್ಖಾನೆಯ ಪೂರ್ಣ ಹತೋಟಿ ಬೇಕಾಯಿತು. 1942ರಲ್ಲಿ ಶೇಠಜಿಯವರು ತಮ್ಮ ಪಾಲನ್ನು ಬಿಟ್ಟುಕೊಟ್ಟರು. ಒಂದೂವರೆ ವರ್ಷದೊಳಗೆ ಸ್ವಂತ ಕೂಸನ್ನು ಇತರರ ಕೈಗೆ ಕೊಡುವುದು ಸುಲಭದ ಮಾತಲ್ಲ. ಕಾರ್ಖಾನೆ ಮಾತ್ರ ಉಳಿದು ಬೆಳೆಯಿತು. 1964ರಿಂದ ಅದು ಹಿಂದುಸ್ಥಾನ ಏರೋನಾಟಿಕ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ವಿಶಾಖಪಟ್ಟಣದಲ್ಲಿ ಅವರು 1941ರಲ್ಲಿ ಆರಂಭಿಸಿದ ಹಡಗುಕಟ್ಟೆಯಿಂದ ‘ಜಲಉಷಾ’ ಎಂಬ ಹಡಗು 1948ರಲ್ಲಿ ನೀರಿಗಿಳಿಯಿತು. ಆ ಹಡಗುಕಟ್ಟೆಯೂ ಮುಂದೆ ಸರಕಾರದ್ದಾಯಿತು.

ದೇಹಾರೋಗ್ಯ ಕೆಟ್ಟಾಗ 1950ರಲ್ಲಿ ಸಿಂಧಿಯಾ ಕಂಪನಿಯ ಅಧ್ಯಕ್ಷಸ್ಥಾನವನ್ನೂ ತ್ಯಜಿಸಿದರು. 1953ರ ಏಪ್ರಿಲ್ 8ರಂದು ಗುಜರಾತದ ಸಿದ್ಧಪುರದಲ್ಲಿ ದೇಹಬಿಟ್ಟರು. ಅವರ ಹಡಗು ಕಂಪನಿಯೂ ಇಂದು ಇಲ್ಲ. ಆದರೆ ‘ಲಾಯಲ್ಟಿ’ ಹೊರಟ ಏಪ್ರಿಲ್ 5ನೆಯ ದಿನವನ್ನು ದೇಶವು 1964ರಿಂದ ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುತ್ತಿದೆ.

ಈ ಚರಿತ್ರೆಯನ್ನು ಬರೆಯಲು ನನಗೊಂದು ಸ್ವಂತ ಕಾರಣವುಂಟು. ನಾನೂ ಮೆಟ್ರಿಕ್ ಓದಿ ಅಡತ ಅಂಗಡಿಯಲ್ಲಿ ಕೂತವನು. ಒಮ್ಮೆ ತೊಗರಿಯ ಧಾರಣೆ ಇಳಿಯತೊಡಗಿದಾಗ ಮಾಲು ಮಾರದೆ ಗೋದಾಮಿನಲ್ಲಿ ಹಿಡಿದಿಟ್ಟೆನು. ಕೊಂಡ ಬೆಲೆಗಿಂತ ಕಡಿಮೆಗೆ ಮಾರುವುದು ಅವಮಾನವೆನಿಸಿತು. ಧಾರಣೆ ಮತ್ತೂ ಇಳಿಯಿತು, ಬಡ್ಡಿ ಏರಿತು, ಕಾಳಿಗೆ ಹುಳ ಬಿತ್ತು. ಮಗಳ ಮದುವೆಗೆಂದು ತೆಗೆದಿಟ್ಟ ಹಣವೂ ಅದರಲ್ಲಿಯೇ ಕರಗಿತು. ಮದುವೆ ಎರಡು ವರ್ಷ ಮುಂದೆ ಹೋಯಿತು. ಮನೆಯವರಾರೂ ನನಗೆ ಒಂದು ಮಾತು ಅನ್ನಲಿಲ್ಲ; ಅದೇ ಹೆಚ್ಚು ನೋಯಿಸಿತು. ಧಾರಣೆ ಇಳಿದದ್ದು ನನ್ನ ತಪ್ಪಲ್ಲ, ಅದು ಯಾರ ಕೈಯಲ್ಲಿಯೂ ಇಲ್ಲ. ಎಲ್ಲಿಯವರೆಗೆ ತಾಳುವೆನೆಂದು ಮೊದಲೇ ನಿಶ್ಚಯಿಸದೆ ಹೋದದ್ದು ನನ್ನ ತಪ್ಪು.

ನಮ್ಮ ಹಿರಿಯರು ಶ್ರಾವಕರಿಗೆ ಪರಿಗ್ರಹ ಪರಿಮಾಣ ವ್ರತವನ್ನು ವಿಧಿಸಿದ್ದಾರೆ. ಆಸೆ ಹುಟ್ಟಿದ ಮೇಲೆ ಮಿತಿ ಹಾಕುವುದು ಕಠಿಣ, ಮೊದಲೇ ಹಾಕಿಕೊಳ್ಳುವುದು ಸುಲಭವೆಂಬುದೇ ಅದರ ಮರ್ಮವೆಂದು ನನಗೆ ತೋರುತ್ತದೆ. ವ್ಯಾಪಾರಕ್ಕೂ ಇದೇ ಮಾತು. ಹೊಸ ಕೆಲಸಕ್ಕೆ ಇಳಿಯುವ ಮುನ್ನ ಎಷ್ಟು ಹಣ, ಎಷ್ಟು ಕಾಲ ಎಂಬುದನ್ನು ಕೀರ್ದಿಯ ಮೊದಲ ಪುಟದಲ್ಲಿಯೇ ಬರೆದಿಡಬೇಕು. ಆ ಮಿತಿ ಬಂದಾಗ, ಈ ಮಾಲು ನನ್ನಲ್ಲಿ ಇಲ್ಲದಿದ್ದರೆ ಇಂದಿನ ಧಾರಣೆಗೆ ಇದನ್ನು ಕೊಳ್ಳುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಇಲ್ಲವೆಂದು ಮನಸ್ಸು ಹೇಳಿದರೆ ಬಿಡಬೇಕು. ಹೋದ ಹಣ ಹೋಯಿತು. ಉಳಿದದ್ದನ್ನು ಕಾಯುವುದೇ ಧರ್ಮ.

ನಮ್ಮ ಸಮಾಜದ ತರುಣರು ಶೇಠಜಿಯವರ ಸಾಹಸವನ್ನಷ್ಟೇ ಅಲ್ಲ, ಬಿಡುವ ವಿವೇಕವನ್ನೂ ಕಲಿಯಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ.

ಜಯ ಜಿನೇಂದ್ರ.